ರೈಟ್ ಎಂದರೆ ಬಲಗಾಲು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಸುತ್ತಿಕೊಂಡು ಕೆ.ಆರ್. ನಗರಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರನಾಗಿದ್ದೆ. ನಾನು ‘ರೈಟ್’ ಎಂದರೆ ಬಸ್ಸು ಹೊರಡುತ್ತಿತ್ತು, ‘ಹೋಲ್ಡಾನ್’ ಎಂದರೆ ನಿಲ್ಲುತ್ತಿತ್ತು. ಒಳಗೆ ಹೆಡ್ಮಾಸ್ತರಿರಲಿ, ಪೊಲೀಸಿನವರಿರಲಿ, ಮದುವೆ ದಿಬ್ಬಣವಿರಲಿ, ಎಲ್ಲರೂ ನನ್ನ ಬಾಯಿಂದ ಆ ಒಂದು ಮಾತು ಬೀಳುವುದನ್ನೇ ಕಾಯಬೇಕಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದಕ್ಕಿಂತ ದೊಡ್ಡ ಅಧಿಕಾರ ನಮ್ಮ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಅಂಥವನಿಗೆ ಮುದಿತನದಲ್ಲಿ ವಿಧೇಯನಾಗು ಎಂದರೆ ಹೇಗಾಗಬೇಡ. ಈ ನೆಪವನ್ನು ಪಾಪನಿವೇದನೆಯಲ್ಲಿ ಫಾದರ್ ಮುಂದೆಯೂ ಇಟ್ಟು ನೋಡಿದೆ. ಅವರು ಅದಕ್ಕೆ ಟಿಕೆಟ್ ಕೊಡಲಿಲ್ಲ.

ನಮ್ಮೂರಿನ ಚರ್ಚು ಚಿಕ್ಕದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಮಧ್ಯೆ ಅದೂ ಒಂದು ಬ್ಯಾರನ್ನಿನ ಹಾಗೆಯೇ ಕಾಣುತ್ತದೆ. ಮೇಲೆ ಶಿಲುಬೆ ಇದೆ, ಚಿಮಣಿ ಇಲ್ಲ, ಅಷ್ಟೇ ವ್ಯತ್ಯಾಸ. ಪ್ರತಿವರ್ಷ ಈಸ್ಟರ್‌ಗೆ ಮುಂಚಿನ ಗುರುವಾರ ಸಂಜೆ, ಯೇಸುಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದ ನೆನಪಿಗೆ, ಫಾದರ್ ಊರಿನ ಹನ್ನೆರಡು ಜನರನ್ನು ಪೀಠದ ಮುಂದೆ ಕುರ್ಚಿ ಹಾಕಿ ಕೂರಿಸುತ್ತಾರೆ. ಒಬ್ಬೊಬ್ಬರ ಬಲಗಾಲನ್ನೂ ಬೇಸನ್ನಿನ ಮೇಲೆ ಹಿಡಿದು, ನೀರು ಹೊಯ್ದು, ಟವೆಲಿನಲ್ಲಿ ಒರೆಸಿ, ಬಗ್ಗಿ ಮುತ್ತಿಡುತ್ತಾರೆ. ಆ ಹನ್ನೆರಡರಲ್ಲಿ ನನ್ನದೊಂದು ಖಾಯಂ ಕುರ್ಚಿ. ಕೊನೆಯ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲು ಒಪ್ಪುವುದಿಲ್ಲ. ಹನ್ನೆರಡು ಶಿಷ್ಯರಲ್ಲಿ ಗುರುವನ್ನು ಹಿಡಿದುಕೊಟ್ಟವನ ಕುರ್ಚಿ ಅದೇ ಎಂದು ಜಪಸರದ ಮುದುಕಿಯರು ಎಣಿಸಿ ನಗುತ್ತಾರೆ. ಹಾಗಾಗಿ ಹಿಂದಿನ ರಾತ್ರಿ ಕುಡಿದು, ಕುರ್ಚಿ ಹಂಚುವ ಮೀಟಿಂಗಿಗೆ ಬಾರದವನನ್ನು ಅಲ್ಲಿ ಕೂರಿಸುವುದು ನಮ್ಮಲ್ಲಿ ರೂಢಿ.

ಇನ್ನೊಂದು ರೂಢಿಯೂ ಇದೆ, ಅದನ್ನು ಯಾವ ಫಾದರೂ ಹೇಳಿಕೊಟ್ಟದ್ದಲ್ಲ. ತೊಳೆಸಿಕೊಳ್ಳುವ ಹನ್ನೆರಡು ಜನವೂ ವಾರದ ಮುಂಚೆಯೇ ಮನೆಯಲ್ಲಿ ಕಾಲು ತೊಳೆಯಲು ಶುರುಮಾಡುತ್ತೇವೆ. ಕೆಂಪುಮಣ್ಣು ತುಂಬಿದ ಹಿಮ್ಮಡಿ ಬಿರುಕು, ಹೊಗೆಸೊಪ್ಪಿನ ಅಂಟು, ಗೋಣಿ ಸೂಜಿಯಂಥ ಉಗುರು, ಇವುಗಳಿಗೆ ದೇವರ ಮನುಷ್ಯ ಮುತ್ತಿಡಬೇಕೆಂದರೆ ನಮಗೇ ನಾಚಿಕೆ. ಬಟ್ಟೆ ಒಗೆಯುವ ಕಲ್ಲಿಗೆ ಹಿಮ್ಮಡಿ ಕೊಟ್ಟು, ಸೋಪು ಹಚ್ಚಿ ಉಜ್ಜುತ್ತೇವೆ. ಯಾರ ಕಾಲು ಹೆಚ್ಚು ಬೆಳ್ಳಗಿದೆ ಎಂದು ಒಳಗೊಳಗೇ ಪೈಪೋಟಿ. ಗುರುವಾರದ ಹೊತ್ತಿಗೆ ಫಾದರಿಗೆ ತೊಳೆಯಲು ಏನೂ ಉಳಿದಿರುವುದಿಲ್ಲ.

ಕಳೆದ ವರ್ಷ ಪೈಪೋಟಿ ಜೋರಾಯಿತು. ಹೊಸದಾಗಿ ಬಂದ ಫಾದರ್ ಇನ್ನೂ ಹುಡುಗ, ಕೇರಳದ ಗಡಿಯವರು. ಮುದುಕರನ್ನೆಲ್ಲ ‘ಅಪ್ಪಚ್ಚಾ’ ಎನ್ನುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಪ್ರವಚನದಲ್ಲಿ, ಇನ್ನು ಮುಂದೆ ಹನ್ನೆರಡರಲ್ಲಿ ಹೆಂಗಸರೂ ಇರುತ್ತಾರೆ, ಒಂದೊಂದಾಗಿ ಕುರ್ಚಿ ಬಿಟ್ಟುಕೊಡಿ ಎಂದರು. ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಕಾಲು ಇನ್ನೂ ಗಟ್ಟಿಯಾಗಿ ಉಜ್ಜಿದೆ.

ನನ್ನ ಹೆಂಡತಿ ಎಚ್.ಡಿ. ಕೋಟೆ ಕಡೆಯವಳು, ಕಾಕನಕೋಟೆ ಕಾಡಂಚಿನಲ್ಲಿ ಬೆಳೆದವಳು. ಆನೆ ಎದುರಾದಾಗ ಸದ್ದಿಲ್ಲದೆ ನಿಲ್ಲುವುದನ್ನು ಕಲಿತವಳು ಮದುವೆಯಾದ ಮೇಲೆ ನನ್ನ ಎದುರು ಅದನ್ನು ಬಿಟ್ಟುಬಿಟ್ಟಳು.

“ಸಕ್ಕರೆ ಕಾಯ್ಲೆ ಕಾಲು ಅದು, ಕಲ್ಗೆ ಉಜ್ಜಬ್ಯಾಡಿ ಅಂತ ಸಿಸ್ಟ್ರು ಏಳ್ನಿಲ್ವಾ?” ಅಂದಳು. ಸಿಸ್ಟರ್ ಎಂದರೆ ಕಾನ್ವೆಂಟಿನ ದವಾಖಾನೆಯ ಕನ್ಯಾಸ್ತ್ರೀ.

“ನೋವೇ ಆಗ್ತಿಲ್ಲ ಕಣೆ.”

“ಅದ್ಕೇ ಏಳ್ತಿರೋದು. ತೊಳ್ಸ್ಕೊಳಾಕೆ ಓಗೋರು ಇಂಗೆ ತೊಳ್ಕಂಡೋದ್ರೆ, ಪಾಪ ಆ ಫಾದರ್ ಏನ್ನ ತೊಳೀಬೇಕು?”

ನಾನು ಇನ್ನೆರಡು ಸಲ ಉಜ್ಜಿದೆ, ಅವಳು ಹೇಳಿದಳು ಎಂಬ ಕಾರಣಕ್ಕೇ. ಸ್ಪರ್ಶ ಸತ್ತ ಕಾಲು. ಕಿರುಬೆರಳಿನ ಪಕ್ಕದ ಚರ್ಮ ಕಲ್ಲಿಗೆ ಅಂಟಿಕೊಂಡು ಬಂದದ್ದು ನನಗೆ ತಿಳಿಯಲೇ ಇಲ್ಲ. ಮರುದಿನ ಹಾಸಿಗೆಯ ಮೇಲೆ ಕಲೆ ನೋಡಿದಾಗ ತಿಳಿಯಿತು. ಅದನ್ನು ಹೇಳಿದರೆ ಹೆಂಡತಿ ಗೆದ್ದ ಹಾಗೆ, ಕುರ್ಚಿಯೂ ಹೋದ ಹಾಗೆ. ಅರಿಶಿನ ಒತ್ತಿ, ಹಳೆಯ ಪಂಚೆಯ ಚೂರು ಸುತ್ತಿ, ಮೇಲೆ ಕಾಲುಚೀಲ ಎಳೆದುಕೊಂಡೆ. ಈ ಸುಡು ಬಿಸಿಲಲ್ಲಿ ಕಾಲುಚೀಲ ಏಕೆಂದು ಕೇಳಿದವರಿಗೆ ಸೊಳ್ಳೆ ಎಂದೆ.

ಗುರುವಾರ ಬರುವ ಹೊತ್ತಿಗೆ ಕಾಲು ಊದಿಕೊಂಡಿತ್ತು. ನನ್ನದು ಸರಳ ಉಪಾಯ: ಬಲಗಾಲನ್ನು ಕುರ್ಚಿಯ ಕೆಳಗೆ ಸರಿಸಿ, ಪಂಚೆ ಇಳಿಬಿಟ್ಟು, ಎಡಗಾಲು ಮುಂದೆ ಚಾಚಿದೆ. ಪಕ್ಕದ ಕುರ್ಚಿಯಲ್ಲಿ ನನ್ನ ಜೊತೆ ಓದಿದ ಗೆಳೆಯ.

“ಏನ್ಲಾ, ಮದ್ವೆ ಗಂಡ್ನಂಗೆ ಒಂದೇ ಕಾಲ್ ತೋರಿಸ್ತಾ ಕೂತಿದ್ದೀಯೆ?” ಎಂದು ಪಿಸುಗುಟ್ಟಿದ.

“ಮುಚ್ಕಂಡು ನಿನ್ ಕಾಲ್ ನೋಡ್ಕಳ್ಲಾ.”

ಫಾದರ್ ಬೇಸನ್ನು ತಂದು ನನ್ನ ಮುಂದೆ ಮೊಣಕಾಲೂರಿದರು. ಚಾಚಿದ ಎಡಗಾಲು ನೋಡಿದರು. ನನಗೆ ಮುಜುಗರವಾಗದಿರಲೆಂದು ಬಹಳ ಮೆಲ್ಲಗೆ, “ರೈಟ್, ಅಪ್ಪಚ್ಚಾ, ರೈಟ್” ಎಂದರು.

ಬಲಗಾಲು ಕೊಡಿ ಎಂದು ಅವರ ಅರ್ಥ. ಆದರೆ ಆಯಸ್ಸೆಲ್ಲ ‘ರೈಟ್’ ಎಂದು ಕೂಗಿಯೇ ಉಂಡ ನನ್ನ ಕಿವಿಗೆ ಆ ಮಾತಿಗೆ ಇರುವುದು ಒಂದೇ ಅರ್ಥ. ಆಯಿತು, ಹೊರಡು. ಇಷ್ಟು ಸುಲಭವಾಗಿ ಪಾರಾದೆನಲ್ಲ, ದೇವರು ದೊಡ್ಡವನು ಎಂದುಕೊಂಡು ಎದ್ದೇಬಿಟ್ಟೆ. ಅಡಗಿಸಿದ್ದ ಬಲಗಾಲು ನೇರವಾಗಿ ಬೇಸನ್ನಿನೊಳಗೆ ಹೋಯಿತು. ಬೇಸನ್ನು ಮಗುಚಿತು. ನೀರು ಶಿಷ್ಯರ ಸಾಲಿನುದ್ದಕ್ಕೂ ಹರಿದು, ಕೊನೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನನ್ನು ಎಬ್ಬಿಸಿತು. ನೆನೆದ ಕಾಲುಚೀಲ ಜಾರಿ, ಹಳದಿ ಬಟ್ಟೆ ಹೊರಗೆ ಬಂತು. ಅದರ ಹಿಂದೆ ವಾಸನೆಯೂ ಬಂತು.

ಫಾದರ್ ನನ್ನನ್ನು ಮತ್ತೆ ಕೂರಿಸಿ ಆ ಕಾಲು ಹಿಡಿದರು. ಬಟ್ಟೆ ಸರಿಸಿ ನೋಡಿ, “ಅಪ್ಪಚ್ಚಾ, ಇದು ಕೊಳೆತಿದೆ” ಎಂದು ಪಿಸುಗುಟ್ಟಿದರು. ಅವರ ಎದೆಗೆ ಸಿಕ್ಕಿಸಿದ ಮೈಕು ಆನ್ ಆಗಿತ್ತು. ಇಡೀ ಚರ್ಚು ಕೇಳಿತು. ಹೊರಗಿನ ಧ್ವನಿವರ್ಧಕದಲ್ಲಿ ಟೀ ಅಂಗಡಿಯವನೂ ಕೇಳಿದ, ಬೇಯಿಸಿದ ಹೊಗೆಸೊಪ್ಪು ಕೆಟ್ಟಿತೇನೋ ಎಂದುಕೊಂಡನಂತೆ. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತದ್ದು ಕಾಣಿಸಿತು. ಫಾದರ್ ಆ ಕಾಲನ್ನೇ ಎತ್ತಿ, ಗಾಯಕ್ಕೆ ಸ್ವಲ್ಪ ಮೇಲೆ ಮುತ್ತಿಟ್ಟರು. ಅಷ್ಟು ವರ್ಷಗಳ ಮುತ್ತಿನಲ್ಲಿ ನನಗೆ ನೆನಪಿರುವುದು ಅದೊಂದೇ. ಅದೂ ಕಾಲಿಗೆ ತಿಳಿದದ್ದಲ್ಲ, ಕಣ್ಣಿಗೆ ಕಂಡದ್ದು.

ಹುಣಸೂರಿನ ಆಸ್ಪತ್ರೆಯಿಂದ ಮೈಸೂರಿಗೆ ಕಳಿಸಿದರು. ಕಿರುಬೆರಳು ಹೋಯಿತು. ಡಾಕ್ಟರು, ದಿನವೂ ತೊಳೆದು ಶುದ್ಧವಾಗಿ ಕಟ್ಟಬೇಕು, ಕಾಲು ನೆಲಕ್ಕಿಡಬಾರದು, ಕಪ್ಪು ಮೇಲಕ್ಕೆ ಹತ್ತಿದರೆ ಮುಂದಿನ ಸಲ ಕಣಕಾಲಿಗೇ ಕೈ ಹಾಕುತ್ತೇನೆ ಎಂದರು.

ಮನೆಗೆ ಬಂದ ಮೇಲೆ ಫಾದರ್ ಪ್ರಸಾದ ತಂದುಕೊಟ್ಟರು, ನಿವೇದನೆ ಕೇಳಿದರು. ಸುಳ್ಳು, ಜಂಬ, ಕುರ್ಚಿಯ ಆಸೆ, ಸೊಳ್ಳೆಯ ಕತೆ, ಎಲ್ಲವನ್ನೂ ಸರಾಗವಾಗಿ ಒಪ್ಪಿಸಿದೆ. ಚಿಕ್ಕವನಿದ್ದಾಗ ಚರ್ಚಿನಲ್ಲಿ ಧರ್ಮ ಕಲಿಸುವ ಉಪದೇಶಿಯ ಮುಂದೆ ಪಾಠ ಒಪ್ಪಿಸುತ್ತಿದ್ದೆ. ಒಂದಕ್ಷರ ತಪ್ಪದೆ ಹೇಳಿ ಆಟಕ್ಕೆ ಓಡಿದರೆ ಮುಗಿಯಿತು. ದೇವರಿಗೆ ನನ್ನನ್ನು ಒಪ್ಪಿಸುವುದನ್ನೂ ಈ ವಯಸ್ಸಿನವರೆಗೆ ಹಾಗೆಯೇ ಮಾಡಿಕೊಂಡು ಬಂದಿದ್ದೆ. ನಿನ್ನ ಚಿತ್ತದಂತಾಗಲಿ ಎಂದು ಬೆಳಿಗ್ಗೆ ಸಂಜೆ ಗಟ್ಟಿಯಾಗಿ ಹೇಳುವುದು, ಎದ್ದು ನನ್ನ ಚಿತ್ತ ಬಂದ ಕಡೆ ಹೋಗುವುದು.

“ಪ್ರಾಯಶ್ಚಿತ್ತ ಏನ್ ಫಾದರ್?” ಎಂದೆ.

“ಗಾಯ ಮಾಯೋವರೆಗೆ ನಿಮ್ಮ ಹೆಂಡತಿ ಹೇಳಿದ ಹಾಗೆ ಕೇಳಬೇಕು.”

ನಾನು ಚೌಕಾಸಿಗೆ ಇಳಿದೆ. “ಪೂರ್ತಿ ಜಪಸರ ಹೇಳ್ತೀನಿ.”

“ಅದು ನಿಮಗೆ ಬಾಯಿಪಾಠ.”

“ಶಿಲುಬೆಹಾದಿ ಮಾಡ್ತೀನಿ, ಎಲ್ಲಾ ಸ್ಥಳಕ್ಕೂ ನಡ್ಕಂಡೋಗಿ.”

“ಯಾವ ಕಾಲಲ್ಲಿ, ಅಪ್ಪಚ್ಚಾ?”

ಎದ್ದು ಹೋಗುವಾಗ, “ನಿವೇದನೆಯ ಮಾತು ಇದು, ನಾನು ಅವರಿಗೆ ಹೇಳುವ ಹಾಗಿಲ್ಲ. ನೀವೇ ಹೇಳಬೇಕು” ಎಂದರು.

ನಾನು ಹೇಳಲಿಲ್ಲ. ಅವಳು ನೀರು ಕಾಯಿಸಿ ತಂದಾಗಲೆಲ್ಲ, ಇಟ್ಟು ಹೋಗು, ನಾನೇ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದೆ. ಬಗ್ಗಿದರೆ ಕಾಲಿನ ಆ ಬದಿ ನನಗೆ ಕಾಣುವುದಿಲ್ಲ. ಕಂಡಷ್ಟು ತೊಳೆದು, ಕಾಣದ್ದನ್ನು ದೇವರಿಗೆ ಬಿಟ್ಟು ಕಟ್ಟಿಕೊಳ್ಳುತ್ತಿದ್ದೆ. ಫಾದರಿಗೆ ಕೊಟ್ಟ ಕಾಲನ್ನು ಇವಳಿಗೆ ಕೊಡಲು ಏನು ಅಡ್ಡಿ ಎಂದು ನನ್ನನ್ನೇ ಕೇಳಿಕೊಂಡದ್ದುಂಟು. ಫಾದರ್ ವರ್ಷಕ್ಕೊಮ್ಮೆ ತೊಳೆದು ಸುಮ್ಮನೆ ಹೋಗುತ್ತಾರೆ. ಇವಳಿಗೆ ಕೊಟ್ಟರೆ ದಿನಾ ತೊಳೆಯುತ್ತಾಳೆ, ಆಗಲೇ ಹೇಳಿದ್ದೆ ಎಂಬ ಮುಖ ಇಟ್ಟುಕೊಂಡು ತೊಳೆಯುತ್ತಾಳೆ. ದೇವರಿಗೆ ಶರಣಾಗುವುದು ಸಲೀಸು, ಅವನು ಹಾಗೆ ಮುಖ ಮಾಡುವುದಿಲ್ಲ.

ಒಂದು ಬೆಳಿಗ್ಗೆ ಸಿಸ್ಟರ್ ಬಂದು ಕಟ್ಟು ಬಿಚ್ಚಿದರು. ಪಕ್ಕದ ಬೆರಳಿನ ಬುಡದಲ್ಲಿ ಕಪ್ಪು. ಅವರು ಬೈಯಲಿಲ್ಲ, ಅದಕ್ಕೇ ಭಯವಾಯಿತು. ಅವರು ಹೋದ ಮೇಲೆ ಹೆಂಡತಿಯನ್ನು ಕರೆದೆ. ಕೊಟ್ಟಿಗೆಯಲ್ಲಿದ್ದವಳು ಸಗಣಿ ಕೈಯಲ್ಲೇ ಬಾಗಿಲಿಗೆ ಬಂದಳು.

“ಫಾದರ್ ಪ್ರಾಯಶ್ಚಿತ್ತ ಕೊಟ್ಟವ್ರೆ.”

“ಏನಂತೆ?”

“ನೀ ಏಳ್ದಂಗೆ ಕೇಳ್ಬೇಕಂತೆ.”

“ಯಾವಾಗ ಕೊಟ್ರು?”

“ಅವ್ರು ಮನೇಗೆ ಬಂದಿದ್ರಲ್ಲ, ಆವತ್ತೇ.”

“ಆವತ್ತಿಂದ ಮುಚ್ಚಿಕ್ಕೊಂಡಿದ್ರಾ? ಮೊದ್ಲೇ ಏಳಿದ್ರೆ ಇಷ್ಟೊತ್ಗೆ ಏನೇನೋ ಮಾಡಿಸ್ಕಂಡಿರ್ತಿದ್ದೆ. ಬುಡಿ.” ಕೈ ತೊಳೆದು, ಬೇಸನ್ನು ತಂದು, ಕೆಳಗೆ ಕುಳಿತಳು. “ಕೊಡಿ ಇತ್ತ.”

ಕೊಟ್ಟೆ. ಆಗಲೇ ಹೇಳಿದ್ದೆ ಎಂಬ ಮುಖವನ್ನು ಕಾದು ಕುಳಿತೆ. ಅವಳು ನನ್ನ ಕಡೆ ನೋಡಲೇ ಇಲ್ಲ, ಅವಳ ಗಮನವೆಲ್ಲ ಬೆರಳಿನ ಬುಡದ ಮೇಲಿತ್ತು. ತೊಳೆದು, ಒರೆಸಿ, ಪಾದವನ್ನು ಮುಖದ ಹತ್ತಿರ ಎತ್ತಿದಳು. ಫಾದರ್ ಮುತ್ತಿಟ್ಟಿದ್ದರು. ಇವಳು ಮೂಸಿದಳು. ಹಾಲು ಒಡೆದಿದೆಯೇ ಎಂದು ನೋಡುವ ಹಾಗೆ, ಕಣ್ಣು ಮುಚ್ಚಿ, ದಿನವೂ. “ಇವತ್ತೂ ಐತೆ” ಎನ್ನುತ್ತಿದ್ದಳು. “ಇವತ್ತು ಅಷ್ಟಿಲ್ಲ.” ಮಳೆಗಾಲ ಹಿಡಿದ ಮೇಲೆ ಒಂದು ದಿನ ಮೂಸಿ, ಇನ್ನೊಮ್ಮೆ ಮೂಸಿ, “ಬರೀ ಸೋಪು” ಎಂದಳು. ಬೇಸನ್ನು ಎತ್ತಿಕೊಂಡು ಹೊರಗೆ ಹೋದವಳು ನೀರು ಚೆಲ್ಲಿ ಬರಲು ಬಹಳ ಹೊತ್ತು ತೆಗೆದುಕೊಂಡಳು.

ಕಾಲು ಉಳಿಯಿತು. ಚರ್ಮ ಕೂಡಿ ಗಟ್ಟಿಯಾಗಲು ವರ್ಷವೇ ಹಿಡಿಯಿತು. ಈ ವರ್ಷ ನನ್ನ ಕುರ್ಚಿಯನ್ನು ಬಿಟ್ಟುಕೊಟ್ಟೆ. ಫಾದರ್ ಅದನ್ನು ಅವಳಿಗೇ ಕೊಟ್ಟರು. ಗುರುವಾರ ಸಂಜೆ ಅವಳು ಹಾಲು ಕರೆದು, ಸೀರೆ ಬದಲಿಸಿ, ಬಂದು ನಿಂತಳು. ಹಿಮ್ಮಡಿಯಲ್ಲಿ ಕೊಟ್ಟಿಗೆಯ ಗುರುತು ಹಾಗೇ ಇತ್ತು.

“ಕಾಲು ಉಜ್ಜಾಕಿಲ್ವಾ?” ಎಂದೆ.

“ಅದ್ಯಾಕೆ? ಅವ್ರೇ ತೊಳೀತಾರಲ್ಲ.”

ಸರಿ, ಹೊರಡೋಣ ಎಂದು ನಾನು ಮಂಚದಿಂದ ಎದ್ದೆ. ಬರಿಗಾಲಲ್ಲಿ ಬಾಗಿಲ ತನಕ ಏನಾದೀತು ಎಂದು ಒಂದು ಹೆಜ್ಜೆ ಎತ್ತಿದ್ದೆ.

“ಹೋಲ್ಡಾನ್” ಎಂದಳು.

ನಿಂತೆ. ಎತ್ತಿದ ಕಾಲು ಎತ್ತಿದಂತೆಯೇ, ಗೋಡೆ ಹಿಡಿದುಕೊಂಡು. ಅವಳಿಗೆ ಅವಸರವಿರಲಿಲ್ಲ. ಕೋಳಿ ಕೂಡಿ, ಹಿತ್ತಿಲ ಬಾಗಿಲು ಹಾಕಿ, ಮೈಸೂರಿನಿಂದ ತರಿಸಿದ ಮೆತ್ತನೆಯ ಚಪ್ಪಲಿಯನ್ನು ತಂದು ನನ್ನ ಮುಂದೆ ಇಟ್ಟಳು. ಚರ್ಚಿನ ಗಂಟೆ ಆಗಲೇ ಹೊಡೆಯುತ್ತಿತ್ತು.

“ರೈಟ್” ಎಂದಳು.

ನಾನು ಹೊರಡಲಿಲ್ಲ. ಬಲಗಾಲು ಚಾಚಿದೆ.