ಎಷ್ಟು ತಿಂಗಳು ಕಡೀತಾರ?

ಸಿಂದಗಿ ಬಸ್ ನಿಲ್ದಾಣದಲ್ಲಿ ಇನ್ನೂ ನಸುಕು. ದೇವಣಗಾಂವದ ಮೊದಲ ಬಸ್ಸಿನಲ್ಲಿ ಕುಳಿತ ದಾವಲಮಲಿಕ ನದಾಫ ತೊಡೆಯ ಮೇಲಿನ ಕಾಗದಗಳನ್ನು ಓಣಿವಾರು ಜೋಡಿಸುತ್ತಿದ್ದಾರೆ. ಇವತ್ತು ಹದಿನಾಲ್ಕು. ಸಮನ್ಸು, ನೋಟೀಸು, ಒಂದು ಸಂಬಳ ಜಪ್ತಿ ಆದೇಶ. ಜನ ಹೊಲಕ್ಕೆ ಹೊರಡುವ ಮುಂಚೆ ಮನೆ ಮುಟ್ಟಬೇಕು.

ಇಪ್ಪತ್ತೆರಡು ವರ್ಷಗಳಿಂದ ಅವರು ಕೋರ್ಟಿನ ಬೇಲೀಫ. ಕಾಗದ ಮುಟ್ಟಿಸಿ ಸಹಿ ಪಡೆಯುವ ಕೆಲಸ. ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವರಿದ್ದಾರೆ. ನಾಯಿ ಎರಡು ಸಲ ಕಚ್ಚಿದೆ. "ಒಬ್ಬಾಕಿ ಮುದುಕಿ ಕಾಗದ ಇಸಗೊಂಡು ಒಲಿಗೆ ಹಾಕಿದ್ಲು. ಹಾಕಿ, 'ಚಾ ಕುಡದ ಹೋಗಪಾ' ಅಂದ್ಲು" ಎಂದು ನಗುತ್ತಾರೆ.

ಆದರೆ ಕಚೇರಿಗಳ ಜವಾನರು, ಆಯಾಗಳು ಅವರನ್ನು ತಾವಾಗಿಯೇ ತಡೆದು ಮಾತಾಡಿಸುತ್ತಾರೆ. ಇದಕ್ಕೆ ಕಾರಣ ಎರಡು ವರ್ಷದ ಹಿಂದಿನ, 2003ರ ಒಂದು ಪ್ರಶ್ನೆ.

ಅಂದು ಯಾರದೋ ಜಪ್ತಿ ಆದೇಶ ಕೊಡಲು ಒಂದು ಕಚೇರಿಗೆ ಹೋಗಿದ್ದರು. ಅಲ್ಲಿ ಕಸ ಗುಡಿಸುವ ಸುಂದರವ್ವ ಕಸಬರಿಗೆ ಬಿಟ್ಟು ಎದ್ದು ಬಂದರು. ಮೈದುನನ ಸಾಲಕ್ಕೆ ಜಾಮೀನಾಗಿದ್ದರು. ಮೈದುನ ಊರು ಬಿಟ್ಟಿದ್ದ. ಕಡಿತ ಇವರ ಪಗಾರದಲ್ಲಿ. "ಅಣ್ಣಾ, ನನ್ನ ಪಗಾರದ ಆ ಕಾಗದ ತಂದಾಂವ ನೀನ. ಇನ್ನ ಎಷ್ಟ ತಿಂಗಳು ಕಡೀತಾರ ಹೇಳು" ಎಂದರು.

"ನನಗ ಗೊತ್ತಿರಲಿಲ್ರಿ. ಇಪ್ಪತ್ತ ವರ್ಷ ಅಂಥಾ ಕಾಗದ ಹಂಚೀನಿ. ಅದು ಎಂದ ಮುಗೀತೈತಿ ಅಂತ ಒಮ್ಮೆರ ಕೇಳಿದಾಂವ ಅಲ್ಲ."

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಹಿರಿಯ ವಕೀಲ ರಾಘವೇಂದ್ರರಾಯರ ಮನೆಗೆ ಹೋದರು. "ಯಾಕೋ ಮಲಿಕ, ನಿನ್ನ ಪಗಾರ ಯಾರರೆ ಜಪ್ತಿ ಮಾಡ್ಯಾರೇನು?" ಎಂದ ರಾಯರು ಪುಸ್ತಕ ತೆಗೆದು ವಿವರಿಸಿದರು. ಒಂದು ಡಿಕ್ರಿಗೆ, ಅಂದರೆ ಸಾಲದ ಒಂದು ತೀರ್ಪಿಗೆ, ಒಟ್ಟು ಇಪ್ಪತ್ನಾಲ್ಕು ತಿಂಗಳು ಕಡಿದರೆ ಮುಗಿಯಿತು; ಅದೇ ಡಿಕ್ರಿಗೆ ಮತ್ತೆ ಆ ಸಂಬಳ ಮುಟ್ಟುವಂತಿಲ್ಲ. ನಡುನಡುವೆ ನಿಲ್ಲಿಸಿ ಕಡಿದರೂ ಲೆಕ್ಕ ಅಷ್ಟೇ. ಬೇರೆಯವರ ಡಿಕ್ರಿ ಬಂದರೂ ಹನ್ನೆರಡು ತಿಂಗಳು ಕಾಯಬೇಕು.

ಸುಂದರವ್ವ ಪಗಾರದ ಚೀಟಿಗಳನ್ನೆಲ್ಲ ಜೋಳದ ಡಬ್ಬಿಯಲ್ಲಿ ಇಟ್ಟಿದ್ದರು. ಕಡಿತದವನ್ನು ಎಣಿಸಿದರೆ ಇಪ್ಪತ್ತಾರು! ರಾಯರು ಫೀ ಇಲ್ಲದೆ ಅರ್ಜಿ ಬರೆದರು. ಕಡಿತ ನಿಂತಿತು, ಹೆಚ್ಚಿಗೆ ಹೋದ ಎರಡು ತಿಂಗಳ ಹಣವೂ ಮರಳಿತು. "ನನ್ನ ಹೇಂತಿಗಂತ ಸೀರಿ ತಂದ್ಲು. ಕೋರ್ಟಿನಾಂವ ನಾ, ಹೆಂಗ ತೊಗೊಳ್ಳಿ? ಹೊಳ್ಳಿ ಕೊಟ್ಟೆ. ಶೇಂಗಾ ಹೋಳಿಗಿ ಅಷ್ಟ ತಿಂದೆ."

ಸುದ್ದಿ ಹಬ್ಬಿತು. ಸಾಲ ಕೊಟ್ಟವರೊಬ್ಬರು ದೂರಿದರು. ಮೇಲಿನವರು ಕರೆಸಿ, "ಕಾಗದ ಮುಟ್ಟಿಸೂದಷ್ಟ ನಿನ್ನ ಕೆಲಸ" ಎಂದರು. ಒಂದು ವಾರದ ಮೇಲೆ ಬಸ್ಸಿನಲ್ಲಿ ಯಾರೋ ಕೇಳಿದಾಗ ಮತ್ತೆ ತಿಂಗಳ ಲೆಕ್ಕ ಹೇಳಿದರು. "ಕೇಳಿದವ್ರಿಗೆ ಹೇಳ್ತೇನಿ, ಕಾಯಿದೆದಾಗ ಇದ್ದಷ್ಟ. ಕೊಟ್ಟಾವನ ರೊಕ್ಕಾನೂ ರೊಕ್ಕರಿ. ಮುಳಗಸ್ರಿ ಅಂತ ನಾ ಯಾರಿಗೂ ಹೇಳಿಲ್ಲ."

ನಿವೃತ್ತಿಗೆ ಇನ್ನು ಮೂರು ವರ್ಷ. ಏನಾದರೂ ಆಸೆ?

ಬಸ್ಸು ದೇವಣಗಾಂವ ಮುಟ್ಟುತ್ತದೆ. ಇಳಿಯುತ್ತ ಹೇಳುತ್ತಾರೆ: "ಆ ಪಗಾರ ಜಪ್ತಿ ಆದೇಶದ ಕೆಳಗ ಕನ್ನಡದಾಗ ಒಂದ ಸಾಲು ಬರದ್ರ ಸಾಕ್ರಿ, ಇದು ಇಂಥಾ ತಿಂಗಳಿಗೆ ಮುಗೀತೈತಿ ಅಂತ. ಓದಿ ಆ ಮನಿಯವ್ರು ಒಂದ್ಹೊತ್ತರ ನಿಶ್ಚಿಂತಿಯಿಂದ ಉಣ್ಣಲಿ."