ಸಿಗರೇಟು ಬಿಟ್ಟ ಕನ್ನಡಕದವನು

ಬಸ್ ನಿಲ್ದಾಣದ ಮೆಟ್ಟಿಲ ಪಕ್ಕದಲ್ಲಿ ಮೇಜಿನಗಲದ ಒಂದು ಅಂಗಡಿ. ಅಲ್ಲಿ ಕೂತು ಕನ್ನಡಕ ರಿಪೇರಿ ಮಾಡುವವನ ಕೈ ನೋಡಬೇಕು ನೀವು. ಎಳ್ಳಿಗಿಂತ ಚಿಕ್ಕ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು ಒಂದೇ ಸಲಕ್ಕೆ ಕೂರಿಸುತ್ತಿದ್ದ. "ನನ್ನ ತಲೆ ಸ್ಕ್ರೂನ ಡಾಕ್ಟ್ರು ಬಿಗಿ ಮಾಡ್ತಾರೆ, ನಿಮ್ಮ ಮೂಗಿನ ಮೇಲಿನದನ್ನ ನಾನು" ಎಂದು ಬಂದವರನ್ನು ನಗಿಸುತ್ತಿದ್ದ.

ಅದು ಬರೀ ತಮಾಷೆಯಲ್ಲ. ಹರೆಯದಲ್ಲಿ ಅವನಿಗೆ ಇಲ್ಲದವರ ಮಾತು ಕೇಳಿಸುವ ಕಾಯಿಲೆ ಬಂದಿತ್ತು. ಎಷ್ಟೋ ಔಷಧ ಸೋತ ಮೇಲೆ ಒಂದು ಮಾತ್ರೆ ಹಿಡಿಸಿತು. ಹನ್ನೊಂದು ವರ್ಷದಿಂದ ಕಿವಿ ತಣ್ಣಗಿತ್ತು. ಆ ಮಾತ್ರೆ ಕೈತಪ್ಪಿದರೆ ಏನು ಗತಿ ಎನ್ನುವುದೊಂದೇ ಅವನ ಭಯ.

ಜೊತೆಗಿದ್ದವಳು ಅಕ್ಕ, ಶಾಲೆಯೊಂದರಲ್ಲಿ ಅಡುಗೆಯವಳು. ಅವನು ದಿನಕ್ಕೆ ಸುಡುತ್ತಿದ್ದ ಎರಡು ಪ್ಯಾಕು ಸಿಗರೇಟಿನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು. "ನಾನಿರ್ಬೇಕೋ ಅದಿರ್ಬೇಕೋ, ಹೇಳು" ಎಂದಳು. ಅವನು ಒಂದೇ ದಿನಕ್ಕೆ ಬಿಟ್ಟ. ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಎರಡನೆಯ ವಾರ ದಿಂಬು ಜೊಲ್ಲಿನಲ್ಲಿ ತೊಯ್ಯತೊಡಗಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಸುಮ್ಮನೆ ಕೂತಿದ್ದರೂ ಎದೆ ಓಡಿ ಬಂದವನ ಹಾಗೆ ಹೊಡೆದುಕೊಳ್ಳುತ್ತಿತ್ತು. ಐದು ದಿನದಿಂದ ಮಲಬದ್ಧತೆ ಬೇರೆ. ಅಂಗಡಿಯಲ್ಲಿ ಚಿಮಟ ನಡುಗಿ ಸ್ಕ್ರೂ ನೆಲಕ್ಕೆ ಬಿತ್ತು. ಪಕ್ಕದಲ್ಲಿ ಬೀಗದ ಕೈ ಮಾಡುವವನು ಬಗ್ಗಿ ಹುಡುಕುತ್ತಾ, "ಏನಯ್ಯಾ, ಸಿಗರೇಟು ಬಿಟ್ಟು ಎಣ್ಣೆ ಹಿಡಿದ್ಯಾ?" ಎಂದ. ಅವನಿಗೆ ನಗು ಬರಲಿಲ್ಲ.

ಮನೆಗೆ ಬಂದವನೇ, "ಅಕ್ಕಾ, ಹಳೇದು ವಾಪಸ್ ಬರ್ತಿದೆ" ಎಂದ.

ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಧ್ವನಿ ಕೇಳಿಸ್ತಿದ್ಯಾ?"

"ಇನ್ನೂ ಇಲ್ಲ. ಡಾಕ್ಟ್ರಿಗೆ ಹೇಳ್ಬೇಡ ಅಕ್ಕಾ, ಈ ಮಾತ್ರೆ ನಿಲ್ಲಿಸಿಬಿಟ್ರೆ?"

"ಹಾಗಾದ್ರೆ ಇನ್ನರ್ಧ ಜಾಸ್ತಿ ನುಂಗು."

ಅವಳೇ ಮುರಿದು ಕೊಟ್ಟಳು. ಮರುದಿನ ಬೆಳಿಗ್ಗೆ ಅವನು ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ. ಕಣ್ಣು ತೆರೆದೇ ಇತ್ತು, ನಾಲಿಗೆ ಮಾತ್ರ ಹೊರಳಲಿಲ್ಲ. ಅಕ್ಕ ಬರಿಗಾಲಲ್ಲೇ ಆಟೋ ಕರೆಯಲು ಓಡಿದಳು.

ಆಸ್ಪತ್ರೆಯಲ್ಲಿ ನರ್ಸು ಅವನ ತೋಳಿಗೆ ಪಟ್ಟಿ ಬಿಗಿದಳು. "ಬೆಳಗಿನ ಮಾತ್ರೆ ತಗೊಂಡಿಲ್ಲ ತಾನೇ? ಔಷಧ ಎಷ್ಟಿದೆ ನೋಡೋಕೆ ಮಾತ್ರೆಗೆ ಮುಂಚಿನ ರಕ್ತವೇ ಬೇಕು. ಇತ್ತೀಚೆಗೆ ಏನಾದ್ರೂ ಬದಲಾಗಿದ್ಯಾ?"

"ತಗೊಂಡಿಲ್ಲ. ಬದಲಾಗಿದ್ದು ಏನಿಲ್ಲಮ್ಮ. ಸಿಗರೇಟು ಬಿಟ್ಟ. ಅದು ಒಳ್ಳೇದೇ ಅಲ್ವಾ?" ಎಂದಳು ಅಕ್ಕ.

ನರ್ಸು ತಲೆಯೆತ್ತಿದಳು. "ಎಷ್ಟು ದಿನ ಆಯ್ತು?"

ಆಗ ಅಕ್ಕನ ಬಾಯಿಂದ ಆ ಅರ್ಧ ಮಾತ್ರೆಯೂ ಹೊರಬಿತ್ತು. ಹೇಳುತ್ತಾ ಹೇಳುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಬೈಯಲಿಲ್ಲ. "ಹೊಗೆ ಒಳಗೆ ಹೋಗ್ತಿದ್ದಾಗ ಲಿವರ್ರು ಈ ಔಷಧವನ್ನ ಬೇಗ ಬೇಗ ಕರಗಿಸಿ ಹಾಕ್ತಿತ್ತು. ಹೊಗೆ ನಿಂತ ಮೇಲೆ ಅಷ್ಟೇ ಮಾತ್ರೆ ರಕ್ತದಲ್ಲಿ ಕೂಡ್ತಾ ಹೋಗುತ್ತೆ. ಹಳೇ ಕಾಯಿಲೆ ಬಂದಿಲ್ಲ, ಔಷಧವೇ ಮೇಲೇರಿದೆ. ಬಿಡೋ ಮೊದಲು ನಮಗೊಂದು ಮಾತು ಹೇಳ್ಬೇಕಿತ್ತು."

"ಮತ್ತೆ ಸೇದ್ಲಾ?" ಎಂದು ಅವನು ತೊದಲಿದ.

"ಬೇಡಪ್ಪ. ಮಾತ್ರೆ ಇಳಿಸೋಣ."

ಇಳಿಸುವುದು! ಅವನು ಅಕ್ಕನ ಕೈ ಹಿಡಿದ ಹಿಡಿತಕ್ಕೆ ಅವಳ ಬೆರಳು ಬೆಳ್ಳಗಾದವು. ನಾಲ್ಕು ದಿನಕ್ಕೆ ರಕ್ತದ ವರದಿ ಬಂತು. ಔಷಧ ಹಿಂದಿನ ವರದಿಗಿಂತ ಎರಡು ಪಟ್ಟಿಗೂ ಮೇಲಿತ್ತು. ಅಷ್ಟರಲ್ಲಿ ಮಾತ್ರೆ ತಗ್ಗಿಸಿದ್ದರಿಂದ ಜೊಲ್ಲು ಕಡಿಮೆಯಾಗಿತ್ತು, ಎದೆಯೂ ಸ್ವಲ್ಪ ಶಾಂತವಾಗಿತ್ತು. ಭಯ ಮಾತ್ರ ಹಾಗೇ ಇತ್ತು.

ಆಸ್ಪತ್ರೆಯಿಂದ ಬಂದ ಮೂರನೆಯ ವಾರ ಅಂಗಡಿ ತೆರೆದ. ಮೇಜಿನ ಮೇಲೆ ತಲೆ ಬಗ್ಗಿಸಿ ಚಿಮಟ ಹಿಡಿದಿದ್ದಾಗ ಬೆನ್ನ ಹಿಂದೆ ಯಾರೋ ಕರೆದ ಹಾಗಾಯಿತು. ಕೈ ಕಲ್ಲಾಯಿತು. ಮತ್ತೆ ಕರೆ. ತಿರುಗುವ ಧೈರ್ಯವಿಲ್ಲ. ಬೀಗದವನ ಕಡೆ ಮಾತ್ರ ಕಣ್ಣು ಹೊರಳಿಸಿ, ಪಿಸುದನಿಯಲ್ಲಿ, "ನಿಂಗೂ ಕೇಳಿಸ್ತಾ?" ಎಂದ.

"ಕೇಳಿಸ್ದೆ ಏನು? ಆ ಅಜ್ಜಿ ಆಗಿಂದ ಕೂಗ್ತಿದ್ದಾರೆ, ಕನ್ನಡಕ ಹಿಡ್ಕೊಂಡು. ಕಿವುಡ!"

ಅವನು ಉಸಿರು ಬಿಟ್ಟ. "ಇನ್ನೊಂದ್ಸಲ ಬೈಯೋ" ಎಂದ.