ಗೆದ್ದ ದಿನದ ಊಟ

ಕಳೆದ ವಾರ ಮಸ್ಕಿ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಫುಟ್‌ಬಾಲ್ ಕೋಚ್ ನೆನಪಾದರು...

ಅವರು ಪೋರ್ಚುಗಲ್‌ನವರು. ಅಲ್ಲಿನ ಸಣ್ಣ ಕ್ಲಬ್ಬೊಂದರಲ್ಲಿ ಆಡುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆಗಿ ಅಂಗೋಲಾ, ಒಮಾನ್, ಗೋವಾ ಎಂದು ಅಲೆದು, ಕೊನೆಗೆ ಸಿಂಧನೂರಿನ ನಮ್ಮ ಖಾಸಗಿ ಶಾಲೆಗೆ ಬಂದಿದ್ದರು. ಶಾಲೆಯ ಮಾಲೀಕರಿಗೆ ಬೇಕಿದ್ದದ್ದು ಬ್ಯಾನರಿಗೊಂದು ಬಿಳಿ ಮುಖ. ಕೋಚ್‌ಗೆ ಮಾತ್ರ ನಿಜವಾಗಿಯೂ ಒಂದು ತಂಡ ಬೇಕಿತ್ತು. ಹುಡುಗಿಯರು ನಾವು ಸಿಕ್ಕೆವು. ಮೊಣಕಾಲಿಗೆ ಅಂಥದೇ ಮುಲಾಮು ತಿಕ್ಕಿಕೊಂಡು, ಎರೆಮಣ್ಣಿನ ಮೈದಾನದಲ್ಲಿ ಕುಂಟುತ್ತಲೇ ಓಡಿ ಕಲಿಸಿದರು. ಅವರ ಇಂಗ್ಲಿಷನ್ನು ಉಳಿದವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು.

ಆ ವರ್ಷ ಲಿಂಗಸುಗೂರಿನಲ್ಲಿ ಫೈನಲ್ ಗೆದ್ದೆವು. ಗೆಲ್ಲಿಸಿದವಳು ತುರ್ವಿಹಾಳದಿಂದ ಬರುತ್ತಿದ್ದ ನಮ್ಮ ಗೋಲ್‌ಕೀಪರ್. ಕೊನೆಯ ಪೆನಾಲ್ಟಿಯನ್ನು ಮುಖವೊಡ್ಡಿ ತಡೆದಳು, ತುಟಿ ಒಡೆಯಿತು. ಮರುದಿನ ಮಾಲೀಕರು ತಂಡವನ್ನೆಲ್ಲ ಮನೆಗೆ ಊಟಕ್ಕೆ ಕರೆದರು.

ಪಡಸಾಲೆಯಲ್ಲಿ ನಮಗೆಲ್ಲ ಪಂಕ್ತಿ. ಗೋಲ್‌ಕೀಪರ್‌ಗೆ ಮಾತ್ರ ಹೊರಗೆ, ಚಪ್ಪಲಿ ಬಿಡುವಲ್ಲಿ, ಒಂದು ಕಾಗದದ ತಟ್ಟೆ.

ಅವಳು ತಟ್ಟೆ ಮುಟ್ಟಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು. ಯಾಕೆಂದು ಕೋಚ್ ನನ್ನನ್ನು ಕೇಳಿದರು. ಅವಳ ಜಾತಿ ಎಂದೆ. ನಂಬದೆ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಕಲಸಿದ ಅನ್ನ ಬಿಟ್ಟು ಎದ್ದರು. ನಾವೂ ಎದ್ದೆವು.

"ಕುಂಡ್ರಿ ಸರ್. ನಿಮಗ ತಿಳಿಯಂಗಿಲ್ಲ, ಇದು ನಮ್ಮ ಕಡೀ ರಿವಾಜು," ಎಂದರು ಮಾಲೀಕರು, ನಗುತ್ತಲೇ.

ಕೋಚ್ ಕೊಟ್ಟ ಉತ್ತರವನ್ನು ನಾನೇ ಗಟ್ಟಿಯಾಗಿ ಹೇಳಿದೆ: "ಸೋತಾಗ ಮಂದಿ ಮೈಮ್ಯಾಲ ಉಗುಳಿದ್ದು ನೋಡ್ಯಾರಂತ್ರೀ. ಗೆಲ್ಲಿಸಿದಾಕಿನ್ನ ಹೊರಗ ಕುಂಡ್ರಿಸೋದು ಮಾತ್ರ ಇಲ್ಲೇ ನೋಡಾಕತ್ತಾರಂತ."

ತಿಂಗಳು ತುಂಬುವ ಮೊದಲೇ ಅವರನ್ನು ಕೆಲಸದಿಂದ ತೆಗೆದರು. ತಂಡವೂ ಮುರಿಯಿತು. ಆದರೆ ಆ ಫೈನಲ್ಲಿನ ಫೋಟೊ ಇವತ್ತಿಗೂ ಶಾಲೆಯ ಅಡ್ಮಿಷನ್ ಬ್ಯಾನರಿನಲ್ಲಿದೆ. ನಡುವೆ ಕೋಚ್, ಹಲ್ಲು ಕಿರಿದ ಮಾಲೀಕರು. ಕಪ್ ಹಿಡಿದಿದ್ದ ಗೋಲ್‌ಕೀಪರ್ ಹುಡುಗಿಯನ್ನು ಕತ್ತರಿಸಿದ್ದಾರೆ. ಅವಳ ಗ್ಲೌಸಿನ ಬೆರಳುಗಳಷ್ಟೇ ಅಂಚಿನಲ್ಲಿ ಉಳಿದಿವೆ. ಅದರ ಮುಂದೆ ಹಾಯುವಾಗಲೆಲ್ಲ ಉಗುಳಬೇಕೆನಿಸುತ್ತದೆ.

ಬಸ್ಸಿಳಿದು ಮನೆಗೆ ಹೋದವಳೇ ಕೋಚ್‌ರ ಹಳೇ ನಂಬರಿಗೆ ಮೆಸೇಜ್ ಹಾಕಿದೆ. ಉತ್ತರ ಬಂದದ್ದು ಅವರ ಮಗಳಿಂದ. ಹೋದ ಚಳಿಗಾಲದಲ್ಲೇ ಅಪ್ಪ ತೀರಿಕೊಂಡರು...

ಗೋಲ್‌ಕೀಪರ್ ಈಗ ಲಿಂಗಸುಗೂರಿನಲ್ಲಿ ನರ್ಸ್. ಫೋನ್ ಮಾಡಿ ತಿಳಿಸಿದೆ.

"ಒಮ್ಮಿ ಅವರನ್ನ ನಮ್ಮ ಮನಿಗೆ ಉಣ್ಣಾಕ ಕರೀಬೇಕಂತ ಇದ್ದೆ ಬೇ," ಎಂದಳು.